ಶುಕ್ರವಾರ ಮರೆಯಬೇಡ

ಕೈಗಳು ಬರುತ್ತಲೇ ಇದ್ದವು. ಒರಟು ಕೈ, ಬೆವರಿದ ಕೈ, ಬೆಳಗ್ಗೆ ಕರೆದ ಹಾಲಿನ ವಾಸನೆ ಇನ್ನೂ ಬಿಡದ ಕೈ, ಬೆರಳ ತುದಿಯಷ್ಟನ್ನೇ ಕೊಟ್ಟು ಹಿಂದಕ್ಕೆಳೆದುಕೊಳ್ಳುವ ಬ್ಯಾಂಕ್ ಮ್ಯಾನೇಜರನ ಕೈ. ಫೆಸ್ಟಿ ಲವೆಲ್ ತನ್ನ ಹೆಂಡತಿ ಉನಾಳ ಶವಪೆಟ್ಟಿಗೆಯ ತಲೆಯ ಬದಿಯಲ್ಲಿ ನಿಂತು ಒಂದೊಂದನ್ನೇ ಹಿಡಿದು, ಕುಲುಕಿ, ಬಿಡುತ್ತಿದ್ದ. ಪೆಟ್ಟಿಗೆ ತೆರೆದೇ ಇತ್ತು. ನೀಲಿ ಉಡುಪು ತೊಟ್ಟು, ಬೆರಳುಗಳಿಗೆ ಜಪಮಾಲೆ ಸುತ್ತಿಕೊಂಡು ಮಲಗಿದ್ದ ಉನಾ, ಫೋನಿನ ಆ ಕಡೆಯವರ ಮಾತು ಮುಗಿಯಲೆಂದು ಕಾಯುತ್ತಿರುವವಳ ಹಾಗೆ ಕಾಣುತ್ತಿದ್ದಳು.

ಸಾಲು ಅಂತಿಮದರ್ಶನದ ಹಜಾರದಿಂದ ಹೊರಬಿದ್ದು, ಕಿಲ್‌ಟರ್ರಿಯ ದೊಡ್ಡ ಬೀದಿಯುದ್ದಕ್ಕೂ ಹಬ್ಬಿ, ಫೆಸ್ಟಿಯ ಕಲ್ಲಿದ್ದಲು ಅಂಗಳದ ಗೇಟಿನವರೆಗೆ ಹೋಗಿತ್ತು. ಆ ಬೀದಿಯ ಕಂಬಕಂಬದ ಮೇಲೂ ಮೊನ್ನೆಯವರೆಗೆ ಫೆಸ್ಟಿಯ ಮುಖವೇ ನಗುತ್ತಿತ್ತು. ಶುಕ್ರವಾರ ಕೌಂಟಿ ಕೌನ್ಸಿಲ್ಲಿಗೆ ಚುನಾವಣೆ. ಐದು ಸಲ ಸೋತು ಅವನು ಆರನೇ ಸಲ ನಿಂತಿದ್ದ. ಉನಾ ಅಡುಗೆಮನೆಯಲ್ಲಿ ಕುಸಿದು ಬಿದ್ದು ಹೋಗಿಬಿಟ್ಟಳೆಂದು ತಿಳಿದ ದಿನವೇ ಅವನು ಲಾರಿ ಚಾಲಕನನ್ನು ಕಳಿಸಿ, ಹೆಣ ಹೋಗುವ ದಾರಿಯ ಪೋಸ್ಟರುಗಳನ್ನೆಲ್ಲ ಬಿಚ್ಚಿಸಿದ. ಅದಕ್ಕೂ ಊರು ಮಾತಾಡಿತು. ಹೋಟೆಲಿನ ಬಾರಿನಲ್ಲಿ ಯಾರೋ, "ಕಟ್ಟಿದ್ರೂ ಪ್ರಚಾರ, ಬಿಚ್ಚಿದ್ರೂ ಪ್ರಚಾರ. ಅವನ ಹತ್ರ ಕಲೀಬೇಕು" ಅಂದರಂತೆ. ಅಂದವನು ಯಾರೆಂದು ಫೆಸ್ಟಿಗೆ ತಿಳಿಯಲಿಲ್ಲ. ತಿಳಿಯದ ಕಾರಣ ಸಾಲಿನಲ್ಲಿ ಬಂದ ಪ್ರತಿಯೊಬ್ಬನ ಮುಖದಲ್ಲೂ ಅವನನ್ನೇ ಹುಡುಕುತ್ತಿದ್ದ.

ಇಪ್ಪತ್ತೈದು ವರ್ಷಗಳಿಂದ ಅವನು ಈ ಸಾಲಿನ ಆ ಬದಿಯಲ್ಲಿದ್ದವನು. ಯಾರ ಮನೆಯಲ್ಲಿ ಸಾವಾದರೂ ಫೆಸ್ಟಿ ಕಪ್ಪು ಟೈ ಕಟ್ಟಿಕೊಂಡು ಹಾಜರು. ಹೆಗಲು ಕೊಡುವುದಕ್ಕೂ ಮುಂದೆ. "ಲವೆಲ್ ಹೆಗಲು ಕೊಡದೆ ನಮ್ಮೂರಲ್ಲಿ ಪೆಟ್ಟಿಗೆ ಮೇಲೇಳಲ್ಲ" ಎಂದು ಜನ ಅವನ ಬೆನ್ನ ಹಿಂದೆ ನಗುತ್ತಿದ್ದರು. ವ್ಯಾಪಾರಸ್ಥ ಮನುಷ್ಯ ಸುಮ್ಮಸುಮ್ಮನೆ ಇಷ್ಟೆಲ್ಲ ಮಾಡುತ್ತಾನೆಯೇ? ಮೊದಲ ಸಲ ನಿಂತಾಗ, ಗೋದಾಮಿಗೆ ಪರವಾನಗಿ ಬೇಕು, ಅದಕ್ಕೇ ನಿಂತಿದ್ದಾನೆ ಅಂದರು. ಪರವಾನಗಿ ಸಿಕ್ಕ ಮೇಲೂ ನಿಂತ. ಆಗ, ಕಲ್ಲುಗಣಿಯ ಮೇಲೆ ಕಣ್ಣಿದೆ ಅಂದರು. ಗಣಿ ಮುಚ್ಚಿತು, ಆಮೇಲೂ ನಿಂತ. ಆಮೇಲೆ ಜನಕ್ಕೆ ಕಾರಣವೇ ಸಿಗದೆ ಅನುಮಾನ ಇನ್ನಷ್ಟು ಬಲವಾಯಿತು.

ಫೆಸ್ಟಿಯ ಅನುಮಾನವೇನು ಕಡಿಮೆಯದಲ್ಲ. ಅಲ್ಲಿ ಓಟೆಂದರೆ ಹೆಸರುಗಳ ಮುಂದೆ ಇಷ್ಟದ ಕ್ರಮದಲ್ಲಿ ಒಂದು, ಎರಡು, ಮೂರು ಎಂದು ಬರೆಯುವುದು. ಬಾಗಿಲಿಗೆ ಹೋದಾಗ ಎಲ್ಲರೂ, "ನಿಂದೇ ಕಣಯ್ಯ ಒಂದನೇ ನಂಬರು, ಚಿಂತೆ ಬಿಡು" ಅನ್ನುವವರೇ. ಎಣಿಕೆಯ ದಿನ ಪೆಟ್ಟಿಗೆಗಳನ್ನು ಊರೂರಿನ ಪ್ರಕಾರ ತೆರೆಯುತ್ತಾರೆ. ಪಕ್ಷಗಳವರು ಕಟಕಟೆಗೆ ಒರಗಿ, ಬಿಚ್ಚುವ ಕಾಗದಗಳನ್ನು ಕಣ್ಣಲ್ಲೇ ಲೆಕ್ಕ ಹಾಕುತ್ತಾರೆ. ಯಾವ ಊರು ಕೈಕೊಟ್ಟಿತೆಂದು ಮಧ್ಯಾಹ್ನದೊಳಗೆ ಗೊತ್ತಾಗಿಬಿಡುತ್ತದೆ, ಯಾವ ಮನುಷ್ಯ ಎಂದು ಮಾತ್ರ ಗೊತ್ತಾಗುವುದಿಲ್ಲ. ಎರಡನೇ ಸೋಲಿನಿಂದೀಚೆಗೆ ಫೆಸ್ಟಿ ಅಂಗಳಕ್ಕೆ ಬಂದ ಗಿರಾಕಿಗೆ ಕಲ್ಲಿದ್ದಲು ತೂಗಿಕೊಡುವಾಗಲೂ ಅದನ್ನೇ ಯೋಚಿಸುತ್ತಿದ್ದ: ನೀನಾ? ನಿನ್ನ ಹೆಂಡತಿಯಾ?

"ಕಲ್ಲಿದ್ದಲು ಕೊಂಡವರೆಲ್ಲ ನಿನ್ನನ್ನೂ ಕೊಂಡ್ಕೋಬೇಕಾ?" ಎಂದು ಉನಾ ಕೇಳುತ್ತಿದ್ದಳು. ಅಂಗಳದ ಆಫೀಸಿನಲ್ಲಿ ಫೋನು ನೋಡಿಕೊಳ್ಳುತ್ತಿದ್ದವಳು ಅವಳೇ. ಒಂದು ದಿನವೂ ಅವನ ಜತೆ ಓಟು ಕೇಳಲು ಹೋದವಳಲ್ಲ. "ನಾನು ಬಾಗಿಲು ತಟ್ಟೋಳಲ್ಲ. ನನ್ನ ಬಾಗಿಲು ತಟ್ಟಿದ್ರೆ ತೆಗೀತೀನಿ, ಅಷ್ಟೆ." ಆದರೂ ಪ್ರತಿ ಎಣಿಕೆಗೂ ಫ್ಲಾಸ್ಕಿನಲ್ಲಿ ಚಹಾ ತುಂಬಿಕೊಂಡು ಬಂದು, ಅವನು ಸೋಲುವವರೆಗೆ ಜತೆಯಲ್ಲಿ ಕೂತಿದ್ದು, ಮನೆಗೆ ಕರೆದುಕೊಂಡು ಹೋಗುತ್ತಿದ್ದಳು.

ಅವನಿಗೆ ಬೇಕಿದ್ದದ್ದು ಗೋದಾಮೂ ಅಲ್ಲ, ಗಣಿಯೂ ಅಲ್ಲ. ಈ ಜನ ಒಂದೇ ಒಂದು ಸಲ, ತಾವಾಗಿ, ನಮಗೆ ನೀನು ಬೇಕು ಅನ್ನಬೇಕಿತ್ತು. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ ಅವನು ರಸ್ತೆ, ದೀಪ, ಚರಂಡಿ ಎಂದು ಕರಪತ್ರ ಅಚ್ಚು ಹಾಕಿಸುತ್ತಿದ್ದ.

ಸಾಲು ಸರಿಯುತ್ತಿತ್ತು. "ಬೇಜಾರಾಯ್ತು, ಫೆಸ್ಟಿ." "ಬಂದಿದ್ದಕ್ಕೆ ಸಂತೋಷ." "ಬಹಳ ಬೇಜಾರಾಯ್ತಪ್ಪ." "ಬಂದಿದ್ದಕ್ಕೆ ಸಂತೋಷ." ಅವನ ಪಕ್ಕದಲ್ಲಿ ಉನಾಳ ಅಕ್ಕ ಅಟ್ರಾಕ್ಟ ನಿಂತಿದ್ದಳು, ಅವನು ಬಿಟ್ಟ ಕೈಯನ್ನು ಅವಳು ಹಿಡಿಯುವಳು. ಕಾಲು ಮರಗಟ್ಟಿತ್ತು, ತಲೆ ಖಾಲಿಯಾಗಿತ್ತು, ನಾಲಿಗೆ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಆಗ ಬಂದವನು ಆಸ್ಟಿ ಡರ್ಕನ್. ಬೆಟ್ಟದ ಮೇಲಿನ ಗ್ಲೆನ್‌ಡೂ ಹಳ್ಳಿಯವನು, ಮದುವೆಯಿಲ್ಲದವನು, ಮಾತಿನಲ್ಲಿ ಬಲು ಜಿಪುಣ. ಟೋಪಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೈ ಕೊಟ್ಟ.

"ಬೇಜಾರಾಯ್ತು ಕಣಯ್ಯ. ಬಂಗಾರದಂಥ ಹೆಂಗಸು."

ಫೆಸ್ಟಿ ಆ ಕೈಯನ್ನು ಎರಡೂ ಕೈಗಳಿಂದ ಹಿಡಿದ. ಬಾಗಿಲುಗಳಲ್ಲಿ ಹಿಡಿಯುವ ಹಾಗೆ, ಮೇಲಿನಿಂದ ಎಡಗೈ ಮುಚ್ಚಿ. "ಬಂದಿದ್ದಕ್ಕೆ ಸಂತೋಷ, ಆಸ್ಟಿ. ಶುಕ್ರವಾರ ನನ್ನ ಮರೀಬೇಡ."

ಮಾತು ಹೊರಗೆ ಬಿದ್ದ ಮೇಲೆ ಅವನಿಗೇ ಕೇಳಿಸಿತು. ಹಿಡಿದ ಕೈ ಹಾಗೇ ನಿಂತಿತು. ಆಸ್ಟಿ ಅವನ ಮುಖ ನೋಡಿದ. ಆಮೇಲೆ ನಿಧಾನಕ್ಕೆ ಪೆಟ್ಟಿಗೆಯೊಳಗೆ ಉನಾಳ ಮುಖ ನೋಡಿದ. ಕೈ ಬಿಡಿಸಿಕೊಂಡು ಅಟ್ರಾಕ್ಟಳ ಕಡೆ ಸರಿದ. ಹಿಂದಿನವನು ಕೈ ಚಾಚಿಯಾಗಿತ್ತು.

ಮನೆಗೆ ಬಂದ ಮೇಲೆ ಅಟ್ರಾಕ್ಟ ಹ್ಯಾಮ್ ಸ್ಯಾಂಡ್‌ವಿಚ್ಚುಗಳ ಮೇಲೆ ಒದ್ದೆ ಬಟ್ಟೆ ಹೊದಿಸುತ್ತ, ತಿರುಗಿ ನೋಡದೆ ಕೇಳಿದಳು. "ಡರ್ಕನ್‌ಗೆ ಏನೋ ಅಂದಂಗಿತ್ತು?"

"ಬಂದಿದ್ದಕ್ಕೆ ಸಂತೋಷ ಅಂದೆ."

"ಹ್ಞೂಂ," ಅಂದಳು.

ಆ 'ಹ್ಞೂಂ' ಅವನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಇವಳಿಗೆ ಕೇಳಿಸಿದೆಯೇ? ಕೇಳಿಸಿದ್ದರೆ ಯಾಕೆ ಬಾಯಿ ಬಿಡುತ್ತಿಲ್ಲ? ಹೆಂಡತಿಯ ಹೆಣದ ಪಕ್ಕ ನಿಂತು ಓಟು ಕೇಳಿದವನು ಎಂಬ ಮಾತು ಹುಟ್ಟಿದರೆ ಮುಗಿಯಿತು, ಅವನು ಸತ್ತು ಮಣ್ಣಾದ ಮೇಲೂ ಊರು ಅದನ್ನೇ ಹೇಳಿಕೊಂಡು ನಗುತ್ತದೆ. ಅದಕ್ಕಿಂತ ಕೆಟ್ಟ ಯೋಚನೆ ಇನ್ನೊಂದಿತ್ತು, ಅದನ್ನು ಅವನು ಹತ್ತಿರ ಬರಗೊಡಲಿಲ್ಲ: ಆ ಸಾಲಿನಲ್ಲಿ ಅಷ್ಟು ಹೊತ್ತು ನಿಂತು ತಾನು ಅಳುತ್ತಿದ್ದೆನೋ, ಲೆಕ್ಕ ಹಾಕುತ್ತಿದ್ದೆನೋ?

ಮರುದಿನ ಚರ್ಚಿನಿಂದ ಸ್ಮಶಾನದವರೆಗೆ ಹೆಗಲ ಮೇಲೆಯೇ ಒಯ್ದರು. ಮೊದಲು ಮನೆಯವರು, ಫೆಸ್ಟಿಯದು ಎಡಗಡೆಯ ಮುಂದಿನ ಹೆಗಲು. ಸ್ಮಶಾನದ ಏರು ಶುರುವಾಗುವ ಕಡೆ ಗ್ಲೆನ್‌ಡೂದವರು ಆರು ಜನ, ಯಾರೂ ಕರೆಯದೆ, ಮುಂದೆ ಬಂದು ನಿಂತರು. "ಇನ್ನು ನಮಗೆ ಕೊಡಿ" ಅಂದ ಆಸ್ಟಿ. ಒಬ್ಬರ ಭುಜದ ಮೇಲೊಬ್ಬರು ತೋಳು ಹಾಕಿ, ಎಡಗಾಲು ಮುಂದಿಟ್ಟು, ಒಂದು ಹೆಜ್ಜೆ, ತಡೆ, ಇನ್ನೊಂದು ಹೆಜ್ಜೆ, ಹೀಗೆ ಅವಳನ್ನು ಮೇಲಕ್ಕೊಯ್ದರು. ಬರಿಗೈಯಲ್ಲಿ ಹಿಂದೆ ನಡೆಯುತ್ತ ಫೆಸ್ಟಿ ಆಸ್ಟಿಯ ಕತ್ತಿನ ಹಿಂಭಾಗವನ್ನೇ ನೋಡುತ್ತಿದ್ದ. ಹೇಳಿದ್ದಾನೆ, ಈ ಐವರಿಗೂ ಹೇಳಿದ್ದಾನೆ, ಅದಕ್ಕೇ ಒಬ್ಬನೂ ನನ್ನ ಕಡೆ ನೋಡುತ್ತಿಲ್ಲ ಅಂದುಕೊಂಡ. ಹೊತ್ತವರು ತಿರುಗಿ ನೋಡುವುದುಂಟೇ ಎಂದು ಅವನಿಗೆ ಹೊಳೆಯಲಿಲ್ಲ.

ಆ ವಾರ ಅವನು ಒಂದು ಬಾಗಿಲೂ ತಟ್ಟಲಿಲ್ಲ. ಹೆಸರು ಹಿಂತೆಗೆಯುವ ಗಡುವು ಎಂದೋ ಮುಗಿದಿತ್ತು. ಮತಪತ್ರದಲ್ಲಿ ಅವನ ಮುಖ ಅಚ್ಚಾಗಿ ಕೂತಾಗಿತ್ತು. ಅಟ್ರಾಕ್ಟ ಬಂದು, "ನಿನ್ನಿಷ್ಟ. ಆದ್ರೆ ಈಗ ಮನೇಲಿ ಕೂತ್ರೆ, ನಾಟಕ ಆಡ್ತಿದಾನೆ ಅಂತಾರೆ" ಅಂದಳು.

"ಹೊರಗೆ ಹೋದ್ರೆ?"

"ಹೋದ್ರೆ, ನಾಚಿಕೆ ಇಲ್ಲದೋನು ಅಂತಾರೆ."

"ಅಂದ್ಕೊಳ್ಳಲಿ," ಅಂದ ಫೆಸ್ಟಿ. ಅಂದುಕೊಳ್ಳಲಿ ಎಂದು ಅವನು ಬಾಳಿನಲ್ಲಿ ಮೊದಲ ಸಲ ಹೇಳಿದ್ದು; ಹೇಳಿದ ಮೇಲೆ ಅದೂ ಸುಳ್ಳೆನ್ನಿಸಿತು.

ಗುರುವಾರ ಅಂಗಳದ ಆಫೀಸಿನಲ್ಲಿ ಉನಾಳ ಕುರ್ಚಿಯಲ್ಲಿ ಕೂತ. ಗುರುವಾರವೆಂದರೆ ಅವಳು ಬೆಟ್ಟದ ಹಳ್ಳಿಗಳ ಮುದುಕ ಮುದುಕಿಯರಿಗೆಲ್ಲ ಫೋನು ಮಾಡುವ ದಿನ. ಮನೆ ಬೆಚ್ಚಗಿಡಲು ಕಲ್ಲಿದ್ದಲು ಬೇಕೇ, ಎಣ್ಣೆ ಬೇಕೇ ಎಂದು ಕೇಳಿಕೊಂಡರೆ ಲಾರಿ ಒಂದೇ ಸಲಕ್ಕೆ ಹೋಗಿ ಬರುತ್ತದೆ, ಡೀಸೆಲ್ ಉಳಿಯುತ್ತದೆ ಎಂದು ಅದನ್ನು ಶುರುಮಾಡಿಸಿದವನು ಫೆಸ್ಟಿಯೇ. ಉನಾಳ ಕೈಯಲ್ಲಿ ಅದು ಬೇರೆ ಏನೋ ಆಯಿತು; ಅರ್ಧ ದಿನ ಮಾತಾಡುತ್ತಲೇ ಇರುತ್ತಿದ್ದಳು, ನಗುತ್ತಿದ್ದಳು. ಅವನು ಅಂಗಳದಿಂದ ಗಾಜಿನಾಚೆ ಗಡಿಯಾರ ತೋರಿಸಿ ಬೈಯುತ್ತಿದ್ದ. ಈಗ ಫೋನು ಎದುರಿಗಿತ್ತು. ಮಾಡಿದರೆ, ಸತ್ತವಳ ಹೆಸರಿನಲ್ಲಿ ಚುನಾವಣೆಯ ಹಿಂದಿನ ದಿನ ಓಟು ಕೇಳಿದ ಅನ್ನುತ್ತಾರೆ. ಮಾಡದಿದ್ದರೆ, ಬೆಟ್ಟದ ಮೇಲೆ ಯಾರೋ ಕಾಯುತ್ತಿರಬಹುದು. ಸಾಕಷ್ಟು ಹೊತ್ತು ಕೂತಿದ್ದು, ಒಂದೇ ಒಂದು ನಂಬರು ತಿರುಗಿಸಿದ.

"ಯಾರು?" ಅಂದ ಆಸ್ಟಿ ಡರ್ಕನ್.

"ನಾನು, ಫೆಸ್ಟಿ. ಕಲ್ಲಿದ್ದಲು ಏನಾದ್ರೂ ಬೇಕಿತ್ತಾ ಅಂತ."

"ಜೂನ್ ತಿಂಗಳಲ್ಲಾ? ಬೇಸಿಗೇಲಿ?"

"ಸುಮ್ನೆ ಕೇಳ್ದೆ."

ಆ ಕಡೆ ನಾಯಿ ಬೊಗಳಿತು. ಆಸ್ಟಿ ಅದಕ್ಕೆ ಗದರಿದ. "ಅವಳು ಹನ್ನೊಂದಕ್ಕೆ ಮಾಡ್ತಿದ್ಲು," ಅಂದ. "ನೀನು ತಡ."

"ಏನು ಮಾತಾಡ್ತಿದ್ಲು?"

"ಏನಿಲ್ಲಪ್ಪ. ಕುಂಟು ಹಸು ಹೇಗಿದೆ ಅಂತ ಕೇಳೋಳು."

"ಹೇಗಿದೆ ಈಗ?"

"ಎರಡು ವರ್ಷದ ಹಿಂದೇನೇ ಮಾರ್ಬಿಟ್ಟೆ. ಅವಳಿಗೆ ಹೇಳಿರ್ಲಿಲ್ಲ. ಹೇಳಿದ್ರೆ ಕೇಳೋದು ನಿಲ್ಲಿಸ್ತಿದ್ಲಲ್ಲ."

ಫೆಸ್ಟಿ ಫೋನನ್ನು ಇನ್ನೊಂದು ಕಿವಿಗೆ ಹಿಡಿದ. ಈಗ ಹೇಳಬೇಕು, ಆವತ್ತು ಬಾಯಿತಪ್ಪಿ ಬಂತು ಕಣೋ, ಬೇಕಂತ ಅಂದಿದ್ದಲ್ಲ ಎಂದು. ಆದರೆ ಚುನಾವಣೆಯ ಹಿಂದಿನ ದಿನ ಏನು ಹೇಳಿದರೂ ಅದಕ್ಕೆ ಓಟಿನ ವಾಸನೆ. ಕ್ಷಮೆ ಕೇಳಿದರಂತೂ ಎಲ್ಲಕ್ಕಿಂತ ಹೆಚ್ಚು. "ಆಸ್ಟಿ," ಅಂದ.

"ನಾಳೆ ಮಳೆಯಂತೆ," ಎಂದು ಹೇಳಿ ಆಸ್ಟಿ ಫೋನು ಇಟ್ಟ.

ಶನಿವಾರ ಕೌಂಟಿ ಪಟ್ಟಣದ ಕ್ರೀಡಾಭವನದಲ್ಲಿ ಎಣಿಕೆ. ಫೆಸ್ಟಿ ಹೋಗುವುದೇ ಬೇಡವೆಂದಿದ್ದ, ಆದರೆ ಕಾಲು ಕೇಳಬೇಕಲ್ಲ. ಉನಾ ಕೂರುತ್ತಿದ್ದ ಬೆಂಚಿನಲ್ಲಿ ಕೂತ. ಚಹಾ ತರಲು ಮರೆತಿದ್ದ. ಅಟ್ರಾಕ್ಟ ಕಟಕಟೆಗೆ ಒರಗಿ, ಪೆನ್ಸಿಲ್ ಹಿಡಿದು ಅವನ ಓಟಿಗೊಂದರಂತೆ ಗೀಟು ಹಾಕುತ್ತಿದ್ದಳು. ಬೆಳಗ್ಗೆ ಪಟ್ಟಣದ ಪೆಟ್ಟಿಗೆಗಳು ತೆರೆದಾಗಲೇ ಅವಳ ಗೀಟುಗಳು ಒತ್ತೊತ್ತಾಗಿ ಬೀಳತೊಡಗಿದವು. ಆಮೇಲೆ ಕೆಳಗಿನ ಹಳ್ಳಿಗಳು. ಅವನಿಗೆ ಎಂದೂ ಒಂದು ಹಿಡಿ ಓಟು ಕೊಡದ ಊರುಗಳು. ಜನ ತಿರುಗಿ ತಿರುಗಿ ಅವನನ್ನು ನೋಡತೊಡಗಿದರು. ನೋಡಿ, ತಲೆಯಾಡಿಸಿ, ತಗ್ಗಿದ ದನಿಯಲ್ಲಿ ಏನೋ ಅಂದುಕೊಳ್ಳುತ್ತಿದ್ದರು.

ಪ್ರತಿ ಸಲ ಗೆಲ್ಲುತ್ತಿದ್ದ ಗೆರಾಯ್ಟಿ ಬಂದು ಪಕ್ಕದಲ್ಲಿ ಕೂತ. ಒಳ್ಳೆಯ ಕೋಟು, ಒಳ್ಳೆಯ ನಗು. "ಈ ಸಲ ನಿಂದೇ ಬಿಡಪ್ಪ," ಅಂದ. "ಬದುಕಿರೋರ ಜತೆ ಎಷ್ಟು ಬೇಕಾದ್ರೂ ಗುದ್ದಾಡ್ಬೋದು. ಸತ್ತೋಳ ಎದುರು ನಾನೇನು ಮಾಡ್ಲಿ ಹೇಳು?" ಅವನ ಮಂಡಿ ತಟ್ಟಿ ಎದ್ದುಹೋದ. ಅದು ಸಾಂತ್ವನವೋ ಚುಚ್ಚುಮಾತೋ ಫೆಸ್ಟಿಗೆ ಬಗೆಹರಿಯಲಿಲ್ಲ. ತಟ್ಟಿದ ಜಾಗ ಮಾತ್ರ ಉರಿಯುತ್ತಿತ್ತು.

ಗ್ಲೆನ್‌ಡೂದ ಪೆಟ್ಟಿಗೆ ಚಿಕ್ಕದು, ಕೊನೆಗೆ ಬಂತು. ಅವನು ಎದ್ದು ಹೋಗಿ ಕಟಕಟೆಯ ಬಳಿ ನಿಂತ. ಇಲ್ಲಿ ತಿಳಿಯುತ್ತದೆ ಅಂದುಕೊಂಡ. ಆಸ್ಟಿ ಹೇಳಿದ್ದರೆ, ಈ ಪೆಟ್ಟಿಗೆ ನನ್ನ ಮುಖಕ್ಕೆ ಉಗುಳುತ್ತದೆ. ಕಾಗದಗಳನ್ನು ಬಿಡಿಸಿ ಬಿಡಿಸಿ ಇಟ್ಟರು. ಲವೆಲ್ ಹೆಸರಿನ ಮುಂದೆ ಒಂದು. ಲವೆಲ್, ಒಂದು. ಲವೆಲ್, ಒಂದು. ನಡುಗುವ ಕೈಯ ಒಂದು, ಕೊಡಲಿಯಲ್ಲಿ ಕೆತ್ತಿದಂಥ ಒಂದು. ನಡುನಡುವೆ ಬೇರೆಯವರದು ಬಂದರೆ ಅವನಿಗೆ ಉಸಿರು ಬಿಟ್ಟಂತಾಗುತ್ತಿತ್ತು. ಬೆಟ್ಟದವರು ಪೂರಾ ಅವನಿಗೇ ಸುರಿದಿದ್ದರು.

ಫೆಸ್ಟಿ ಅಟ್ರಾಕ್ಟಳ ತೋಳು ಹಿಡಿದು ಪಕ್ಕಕ್ಕೆಳೆದ. "ನಂಗೆ ಗೊತ್ತಿಲ್ಲದಂಗೆ ಬೆಟ್ಟಕ್ಕೆ ಹೋಗಿದ್ಯಾ? ಅವಳ ಫೋಟೋ ಹಿಡ್ಕೊಂಡು ಮನೆಮನೆ ತಿರುಗಿದ್ಯಾ?"

ಅಟ್ರಾಕ್ಟ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿದಳು. ಅವಳ ತುಟಿ ಬೆಳ್ಳಗಾಗಿತ್ತು. "ನನ್ನ ತಂಗಿ ಫೋಟೋ ಹಿಡ್ಕೊಂಡು ನಾನು ಓಟು ಕೇಳ್ತೀನಾ? ಅದನ್ನ ನನ್ನ ಕೇಳೋನು ಯಾರು? ಅವಳ ತಲೆ ಹತ್ರ ನಿಂತ್ಕೊಂಡು ಶುಕ್ರವಾರ ಮರೀಬೇಡ ಅಂದೋನು."

ಸುತ್ತಲಿನ ಗದ್ದಲದಲ್ಲಿ ಆ ಮಾತು ಬೇರೆ ಯಾರಿಗೂ ಕೇಳಿಸಲಿಲ್ಲ. ಫೆಸ್ಟಿ ಕಟಕಟೆಯನ್ನು ಹಿಡಿದುಕೊಂಡ.

"ಬೇಕಂತ ಅನ್ಲಿಲ್ಲ, ಅಟ್ರಾಕ್ಟ."

"ಗೊತ್ತು ನಂಗೆ. ಅದಕ್ಕೇ ಯಾರಿಗೂ ಹೇಳಿಲ್ಲ." ಅವಳು ಕಣ್ಣೊರೆಸಿಕೊಂಡಳು, ಒರಟಾಗಿ, ಕೋಟಿನ ತೋಳಿನಿಂದ. "ಅವನು ಹೇಳಿದಾನೋ ಇಲ್ವೋ ನಂಗೊತ್ತಿಲ್ಲ. ಹೋಗಿ ಅವನನ್ನೇ ಕೇಳು, ಅಲ್ಲೇ ನಿಂತಿದಾನಲ್ಲ."

ಗ್ಲೆನ್‌ಡೂದವರು ಬಾಗಿಲ ಹತ್ತಿರ ಗುಂಪಾಗಿ ನಿಂತಿದ್ದರು. ಸೋಮವಾರ ತೊಟ್ಟಿದ್ದ ಸೂಟುಗಳೇ, ಅವರಿಗಿದ್ದದ್ದು ಒಂದೊಂದೇ. ಹಿಂದೆಂದೂ ಅವರು ಎಣಿಕೆಗೆ ಬಂದವರಲ್ಲ. ಅವನು ಅವರ ಕಡೆ ಹೊರಡುವಷ್ಟರಲ್ಲಿ ಮೈಕಿನಲ್ಲಿ ಚುನಾವಣಾಧಿಕಾರಿ ಗಂಟಲು ಸರಿಮಾಡಿಕೊಂಡು ಹೆಸರು ಓದಿದರು. ಲವೆಲ್, ಫೆಸ್ಟಸ್. ಮೊದಲ ಸುತ್ತಿನಲ್ಲೇ ಆಯ್ಕೆಯಾಗಿದ್ದಾರೆಂದು ಘೋಷಿಸುತ್ತೇನೆ.

ಭವನವೆಲ್ಲ ಕೇಕೆ, ಚಪ್ಪಾಳೆ. ಇಪ್ಪತ್ತೈದು ವರ್ಷ ಈ ಸದ್ದನ್ನು ಅವನು ನಿದ್ದೆಯಲ್ಲಿ ಕೇಳಿದ್ದ. ಈಗ ಕಿವಿಯಲ್ಲೇ ಕೇಳುತ್ತಿದ್ದರೂ ಅದು ಪಕ್ಕದ ಮನೆಯ ಮದುವೆಯಂತಿತ್ತು. ಯಾರಿಗೆ ತಟ್ಟುತ್ತಿದ್ದಾರೆ ಇವರು? ಅವಳಿಗೋ? ಹೆಂಡತಿ ಸತ್ತ ಬಡಪಾಯಿಗೋ? ಕುಂಟು ಹಸುವಿನ ಸುದ್ದಿ ಕೇಳುತ್ತಿದ್ದ ಆ ಫೋನಿಗೋ? ಕೇಳೋಣವೆಂದರೆ ಯಾರೂ ನಿಜ ಹೇಳುವವರಲ್ಲ. ಹೇಳಿದರೂ ಅವನು ನಂಬುವವನಲ್ಲ.

ಆಸ್ಟಿ ಎದುರಿಗೆ ಬಂದು ನಿಂತಿದ್ದ. ಕಂಕುಳಲ್ಲಿ ಅದೇ ಟೋಪಿ.

"ಮರೀಲಿಲ್ಲ," ಅಂದ.

ಫೆಸ್ಟಿ ಅವನ ಕಣ್ಣಲ್ಲಿ ಹುಡುಕಿದ. ಗೇಲಿಯಿದೆಯೇ, ಮರುಕವಿದೆಯೇ? ಬೆಟ್ಟದವರ ಆ ಬೂದುಗಣ್ಣುಗಳಲ್ಲಿ ಮಳೆಯ ಹೊರತು ಏನೂ ಕಾಣಲಿಲ್ಲ. "ಆಸ್ಟಿ, ಆವತ್ತು ನಾನಂದಿದ್ದು... ಯಾರಿಗಾದ್ರೂ ಹೇಳಿದ್ಯಾ?"

"ಏನನ್ನ?" ಅಂದ ಆಸ್ಟಿ. ಟೋಪಿಯನ್ನು ತಲೆಗೆ ಸಿಕ್ಕಿಸಿಕೊಂಡು, "ಬಾ, ಮೇಲಕ್ಕೇಳು" ಅಂದ.

ಗೆದ್ದವನನ್ನು ಹೆಗಲ ಮೇಲೆ ಎತ್ತದೆ ಆ ಸೀಮೆಯಲ್ಲಿ ಎಣಿಕೆ ಮುಗಿಯುವುದಿಲ್ಲ. ಬೇಡ ಬೇಡ ಅನ್ನುತ್ತಿದ್ದಂತೆಯೇ ಗ್ಲೆನ್‌ಡೂದವರು ಅವನ ಸುತ್ತ ಮುತ್ತಿದರು. ಇಬ್ಬರು ತೊಡೆಯಡಿಗೆ ಹೆಗಲು ಕೊಟ್ಟರು, ಇಬ್ಬರು ಬೆನ್ನಿಗೆ ಕೈಯಾನಿಸಿದರು, ಇನ್ನಿಬ್ಬರು ಕಾಲು ಹಿಡಿದರು. ನೆಲ ಕೆಳಗುಳಿಯಿತು. ಅಷ್ಟೊಂದು ಸಲ ಹೆಗಲು ಕೊಟ್ಟವನು, ಇಷ್ಟು ಮೇಲೆ ಎಂದೂ ಬಂದಿರಲಿಲ್ಲ. ಇಲ್ಲಿಂದ ಯಾರ ಮುಖವೂ ಕಾಣುವುದಿಲ್ಲ. ಬರೀ ನೆತ್ತಿಗಳು, ಬೋಳುತಲೆಗಳು, ಟೋಪಿಗಳು. ದೂರದಲ್ಲಿ ಉನಾಳ ಬೆಂಚು, ಅದರ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಅಟ್ರಾಕ್ಟ.

ಹೊತ್ತವರು ಬಾಗಿಲ ಕಡೆ ಹೊರಟರು. ಪಟ್ಟಣದ ಹುಡುಗರಾಗಿದ್ದರೆ ಕುಣಿಯುತ್ತ ಎತ್ತಿ ಹಾಕುತ್ತ ಹೋಗುತ್ತಿದ್ದರು. ಇವರಿಗೆ ಅದು ಗೊತ್ತಿರಲಿಲ್ಲ. ಒಬ್ಬರ ಭುಜಕ್ಕೊಬ್ಬರು ಭುಜ ಒತ್ತಿ, ಎಡಗಾಲು ಮುಂದಿಟ್ಟು, ಒಂದು ಹೆಜ್ಜೆ, ತಡೆ, ಇನ್ನೊಂದು ಹೆಜ್ಜೆ. ದಾರಿ ಬಿಟ್ಟುಕೊಟ್ಟ ಜನ ಚಪ್ಪಾಳೆ ತಟ್ಟುತ್ತಿದ್ದವರು, ಆ ನಡಿಗೆ ನೋಡುತ್ತ ನೋಡುತ್ತ ಒಬ್ಬೊಬ್ಬರಾಗಿ ನಿಲ್ಲಿಸಿದರು. ಯಾರೋ ಟೋಪಿ ತೆಗೆದರು.

ಫೆಸ್ಟಿ ಅಭ್ಯಾಸಬಲದಿಂದ ಕೆಳಕ್ಕೆ ಕೈ ಚಾಚಿದ. ಅದನ್ನು ಹಿಡಿಯಲು ಅಲ್ಲಿ ಯಾರ ಕೈಯೂ ಬಿಡುವಾಗಿರಲಿಲ್ಲ; ಅವೆಲ್ಲ ಅವನನ್ನೇ ಹಿಡಿದಿದ್ದವು.